ಯುರೋಪಿನ ವ್ಯಾಪಾರ ಒಪ್ಪಂದಗಳನ್ನು ಓದುವುದು ಹೇಗೆ? ಹೊರಸುಂಕದಿಂದ ಆರಂಭಿಸಿ

ಐರೋಪ್ಯ ಒಕ್ಕೂಟದ ಸದಸ್ಯನಲ್ಲದ ನಾರ್ವೆ ಆ ಒಕ್ಕೂಟದ ಮಾರುಕಟ್ಟೆಯೊಳಗೆ ಇರುವುದು ಹೇಗೆ? ಸ್ವಿಟ್ಜರ್ಲೆಂಡ್ ಒಂದೇ ದೊಡ್ಡ ಒಪ್ಪಂದಕ್ಕೆ ಸಹಿ ಹಾಕದೆ ಬಿಡಿಬಿಡಿಯಾಗಿ ನೂರಕ್ಕೂ ಹೆಚ್ಚು ಒಪ್ಪಂದಗಳನ್ನು ಮಾಡಿಕೊಂಡದ್ದು ಏಕೆ? ಸುಂಕವೇ ಇಲ್ಲದ ಒಪ್ಪಂದವಾದ ಮೇಲೂ ಬ್ರಿಟನ್ನಿನ ಕೆಲವು ವರ್ತಕರು ಐರೋಪ್ಯ ಗಡಿಯಲ್ಲಿ ಸುಂಕ ಕಟ್ಟುವುದು ಯಾವ ಲೆಕ್ಕದಲ್ಲಿ? ಓದುಗರು ಈ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಭಾರತವು ಐರೋಪ್ಯ ಮುಕ್ತ ವ್ಯಾಪಾರ ಸಂಘದೊಂದಿಗೆ, ಅಂದರೆ ಇಎಫ್‌ಟಿಎ ಎಂದು ಪತ್ರಿಕೆಗಳು ಕರೆಯುವ ಕೂಟದೊಂದಿಗೆ, 2024ರ ಮಾರ್ಚ್ 10ರಂದು ಸಹಿ ಮಾಡಿದ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದ ಮೇಲೆ, ಈ ಸಂಘವೂ ಐರೋಪ್ಯ ಒಕ್ಕೂಟವೂ ಒಂದೇ ಏನು ಎಂಬ ಪ್ರಶ್ನೆಯೂ ಸೇರಿಕೊಂಡಿದೆ. ಒಂದೇ ಅಲ್ಲ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ಮತ್ತು ಲಿಕ್ಟೆನ್‌ಸ್ಟೈನ್ ಎಂಬ ನಾಲ್ಕೇ ದೇಶಗಳು ಈಗ ಉಳಿದಿರುವ ಆ ಸಂಘ, ಐರೋಪ್ಯ ಒಕ್ಕೂಟದ ಹಾದಿಯನ್ನು ಒಪ್ಪದವರು ಕಟ್ಟಿಕೊಂಡ ಪ್ರತ್ಯೇಕ ವ್ಯವಸ್ಥೆ.

ಯುರೋಪಿನ ದೇಶಗಳು ತಮ್ಮತಮ್ಮೊಳಗೆ ಮಾಡಿಕೊಂಡ ಯಾವುದೇ ಆರ್ಥಿಕ ಸಹಯೋಗದ ಒಪ್ಪಂದವನ್ನು, ಮತ್ತು ಅದರ ಹಿಂದಿನ ಮಾತುಕತೆಯನ್ನು, ನೀವೇ ಓದಿ ಅರ್ಥಮಾಡಿಕೊಳ್ಳಲು ಅನುಸರಿಸಬಹುದಾದ ಕ್ರಮವನ್ನು ಈ ಲೇಖನ ವಿವರಿಸುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೂ ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೂ ರಫ್ತಿನ ವ್ಯವಹಾರ ಇರುವವರಿಗೂ ಇದೇ ಕ್ರಮ ಸಾಕು. ಪರಸ್ಪರ ಸುಂಕವನ್ನು ಎಷ್ಟು ಇಳಿಸಿಕೊಂಡರು ಎಂಬಲ್ಲಿಂದ ಓದಲು ತೊಡಗುವವರು ಬಹುಮಟ್ಟಿಗೆ ದಾರಿ ತಪ್ಪುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಯುರೋಪಿನ ಮಾತುಕತೆಗಳಲ್ಲಿ ಆ ಭಾಗ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಒಪ್ಪಂದದ ಹೊರಗಿನ ಮೂರನೆಯ ದೇಶಗಳ ಸರಕಿಗೆ ಎಷ್ಟು ಸುಂಕ (ಇದೇ ಹೊರಸುಂಕ) ಎಂಬುದನ್ನು ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಯೇ ಮಾತುಕತೆಯನ್ನು ಉಳಿಸುತ್ತದೆ ಅಥವಾ ಮುರಿಯುತ್ತದೆ.

ಮೊದಲು ಕೈಯಲ್ಲಿ ಏನಿರಬೇಕು

ಒಪ್ಪಂದದ ಮೂಲ ಪಠ್ಯ, ಅದರ ಅನುಬಂಧಗಳು ಮತ್ತು ಪ್ರೋಟೊಕಾಲ್‌ಗಳು ಬೇಕು. ಪ್ರೋಟೊಕಾಲ್ ಎಂದರೆ ಮುಖ್ಯ ಒಪ್ಪಂದಕ್ಕೆ ಜೋಡಿಸಿದ, ಅದರಷ್ಟೇ ಕಾನೂನು ಬಲವಿರುವ ಪೂರಕ ಪತ್ರ. ಐರೋಪ್ಯ ಒಕ್ಕೂಟದ ಎಲ್ಲ ಒಪ್ಪಂದಗಳೂ ಅದರ ಅಧಿಕೃತ ಕಾನೂನು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಜೊತೆಗೆ ಒಂದು ಹಾಳೆ ಇಟ್ಟುಕೊಂಡು, ಮುಂದಿನ ಪ್ರತಿ ಹಂತಕ್ಕೂ ಒಂದೊಂದು ಸಾಲಿನಲ್ಲಿ ಉತ್ತರ ಬರೆದುಕೊಳ್ಳಿ. ಪತ್ರಿಕಾ ಪ್ರಕಟಣೆಯಿಂದ ಆರಂಭಿಸಬೇಡಿ. ಅದರಲ್ಲಿ ಎರಡೂ ಕಡೆಯವರು ತಾವು ಗೆದ್ದದ್ದನ್ನು ಮಾತ್ರ ಹೇಳಿರುತ್ತಾರೆ.

1. ಒಪ್ಪಂದ ಯಾವ ಬಗೆಯದು ಎಂದು ಗುರುತಿಸಿ

ಮುಖ್ಯವಾಗಿ ಮೂರು ಬಗೆಗಳಿವೆ. ಮುಕ್ತ ವ್ಯಾಪಾರ ವಲಯದಲ್ಲಿ ಸದಸ್ಯ ದೇಶಗಳು ತಮ್ಮೊಳಗಿನ ಸುಂಕವನ್ನು ತೆಗೆಯುತ್ತವೆ, ಹೊರಗಿನವರಿಗೆ ಹಾಕುವ ಸುಂಕವನ್ನು ಮಾತ್ರ ಪ್ರತಿ ದೇಶವೂ ತನ್ನ ಇಷ್ಟದಂತೆ ಇಟ್ಟುಕೊಳ್ಳುತ್ತದೆ. ಸುಂಕ ಒಕ್ಕೂಟದಲ್ಲಿ ಒಳಗಿನ ಸುಂಕ ಹೋಗುವುದರ ಜೊತೆಗೆ, ಹೊರಗಿನವರಿಗೆ ಎಲ್ಲರೂ ಸೇರಿ ಒಂದೇ ಸುಂಕ ಹಾಕುತ್ತಾರೆ. ಏಕ ಮಾರುಕಟ್ಟೆಯಲ್ಲಿ ಸರಕಿನ ಜೊತೆ ಸೇವೆ, ಬಂಡವಾಳ ಮತ್ತು ದುಡಿಯುವ ಜನರೂ ಗಡಿಯ ತಡೆಯಿಲ್ಲದೆ ಓಡಾಡುತ್ತಾರೆ, ಅದಕ್ಕಾಗಿ ಸರಕಿನ ಗುಣಮಟ್ಟದಿಂದ ಹಿಡಿದು ಕಾರ್ಮಿಕರ ರಕ್ಷಣೆಯವರೆಗೆ ಕಾನೂನುಗಳನ್ನು ಹೊಂದಿಸಿಕೊಳ್ಳಬೇಕಾಗುತ್ತದೆ.

ಇವು ಒಂದರ ಮೇಲೊಂದು ಇರುವ ಮೆಟ್ಟಿಲುಗಳು ಎಂದು ಭಾವಿಸಬೇಡಿ. ನಾರ್ವೆ ಏಕ ಮಾರುಕಟ್ಟೆಯಲ್ಲಿದೆ, ಸುಂಕ ಒಕ್ಕೂಟದಲ್ಲಿ ಇಲ್ಲ. ಟರ್ಕಿ ಸುಂಕ ಒಕ್ಕೂಟದಲ್ಲಿದೆ, ಏಕ ಮಾರುಕಟ್ಟೆಯಲ್ಲಿ ಇಲ್ಲ.

ಎಚ್ಚರಿಕೆ: ಶೀರ್ಷಿಕೆಯನ್ನು ನಂಬಿ ಬಗೆಯನ್ನು ತೀರ್ಮಾನಿಸಬೇಡಿ. 1961ರ ಜುಲೈ 9ರಂದು ಅಥೆನ್ಸ್‌ನಲ್ಲಿ ಗ್ರೀಸ್ ಇಂದಿನ ಐರೋಪ್ಯ ಒಕ್ಕೂಟದ ಹಿಂದಿನ ರೂಪವಾದ ಐರೋಪ್ಯ ಆರ್ಥಿಕ ಸಮುದಾಯದೊಂದಿಗೆ ಸಹಿ ಮಾಡಿದ್ದು ಸಹಯೋಗ ಒಪ್ಪಂದ, ಅಂದರೆ ಸದಸ್ಯನಲ್ಲದ ದೇಶದೊಂದಿಗೆ ನಿಕಟ ಸಂಬಂಧ ಕಟ್ಟುವ ಒಪ್ಪಂದ. ಅದರ ಗುರಿ ಸುಂಕ ಒಕ್ಕೂಟ ಮತ್ತು ಮುಂದೆ ಪೂರ್ಣ ಸದಸ್ಯತ್ವ. ಒಕ್ಕೂಟದಿಂದ ಹೊರಬಂದ ಬ್ರಿಟನ್ 2020ರ ಡಿಸೆಂಬರ್‌ನಲ್ಲಿ ಮಾಡಿಕೊಂಡ ವ್ಯಾಪಾರ ಮತ್ತು ಸಹಕಾರ ಒಪ್ಪಂದವೂ ಐರೋಪ್ಯ ಒಕ್ಕೂಟದ ಕಾನೂನಿನ ಪ್ರಕಾರ ಸಹಯೋಗ ಒಪ್ಪಂದಗಳಿಗೆ ಮೀಸಲಾದ 217ನೇ ವಿಧಿಯ ಅಡಿಯಲ್ಲೇ ಆದದ್ದು. ಒಳಗೆ ಬರುವವರಿಗೂ ಹೊರಗೆ ಹೋದವರಿಗೂ ವಿಧಿ ಒಂದೇ.

2. ಹೊರಸುಂಕ ಯಾರ ಕೈಯಲ್ಲಿದೆ ಎಂದು ನೋಡಿ

ಇಡೀ ಓದಿನಲ್ಲಿ ಅತಿ ಮುಖ್ಯವಾದ ಹಂತ ಇದು. ಅದು ಏಕೆ ಎಂದು ತಿಳಿಯಲು 1955ರಿಂದ 1960ರವರೆಗಿನ ಐದು ವರ್ಷಗಳನ್ನು ಅರಿತುಕೊಂಡರೆ ಸಾಕು; ಮುಂದೆ ಬಂದ ಹೆಚ್ಚಿನ ಒಪ್ಪಂದಗಳ ಮೂಲ ತಕರಾರು ಅಲ್ಲೇ ಇದೆ.

1955ರ ಜೂನ್ ಆರಂಭದಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಆರು ದೇಶಗಳ ವಿದೇಶಾಂಗ ಸಚಿವರು ಸೇರಿದರು. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಲಕ್ಸೆಂಬರ್ಗ್ ಎಂಬ ಈ ಆರೂ ದೇಶಗಳು 1951ರ ಪ್ಯಾರಿಸ್ ಒಪ್ಪಂದದ ಮೂಲಕ ಕಲ್ಲಿದ್ದಲು ಮತ್ತು ಉಕ್ಕಿಗೆ ಸಾಮಾನ್ಯ ಮಾರುಕಟ್ಟೆಯನ್ನು ಆಗಲೇ ಕಟ್ಟಿಕೊಂಡಿದ್ದವು. ಅದನ್ನು ಎಲ್ಲ ಸರಕಿಗೂ ವಿಸ್ತರಿಸುವ ಬಗೆಯನ್ನು ಪರಿಶೀಲಿಸಲು ಬೆಲ್ಜಿಯಂನ ಪೌಲ್-ಹೆನ್ರಿ ಸ್ಪಾಕ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಬ್ರಿಟನ್ ಸಚಿವರನ್ನು ಕಳಿಸದೆ, ವಾಣಿಜ್ಯ ಇಲಾಖೆಯ ಅಧಿಕಾರಿ ರಸೆಲ್ ಬ್ರೆದರ್ಟನ್ ಅವರನ್ನು ಆ ಸಮಿತಿಗೆ ಕಳಿಸಿತು. ನವೆಂಬರ್‌ನಲ್ಲಿ ಅದರಿಂದ ಹಿಂದೆ ಸರಿಯಿತು. ಆರು ದೇಶಗಳು ಸಾಮಾನ್ಯ ಹೊರಸುಂಕವಿರುವ ಸುಂಕ ಒಕ್ಕೂಟವನ್ನು ಆಯ್ದುಕೊಂಡು, 1957ರ ಮಾರ್ಚ್ 25ರಂದು ರೋಮ್ ಒಪ್ಪಂದಕ್ಕೆ ಸಹಿ ಹಾಕಿ, 1958ರ ಜನವರಿ 1ರಿಂದ ಐರೋಪ್ಯ ಆರ್ಥಿಕ ಸಮುದಾಯವಾದವು.

ಬ್ರಿಟನ್ನಿಗೆ ಸಾಮಾನ್ಯ ಹೊರಸುಂಕ ಒಪ್ಪಿಗೆಯಾಗಲಿಲ್ಲ. 1932ರ ಒಟ್ಟಾವಾ ಒಪ್ಪಂದಗಳಿಂದ ಕಾಮನ್‌ವೆಲ್ತ್ ದೇಶಗಳ ಸರಕಿಗೆ, ವಿಶೇಷವಾಗಿ ಆಹಾರ ಪದಾರ್ಥಗಳಿಗೆ, ಅದು ಸುಂಕದಲ್ಲಿ ರಿಯಾಯಿತಿ ಕೊಡುತ್ತಿತ್ತು. ಆರು ದೇಶಗಳ ಸುಂಕವನ್ನು ತಾನೂ ಹಾಕಿದರೆ ನ್ಯೂಜಿಲೆಂಡಿನ ಬೆಣ್ಣೆಗೆ ಸುಂಕ ಹೇರಬೇಕಾಗುತ್ತಿತ್ತು. ಆದ್ದರಿಂದ, ಐರೋಪ್ಯ ಆರ್ಥಿಕ ಸಹಕಾರ ಸಂಘಟನೆಯ 17 ದೇಶಗಳನ್ನೂ ಒಳಗೊಂಡ, ಕೈಗಾರಿಕಾ ಸರಕಿಗೆ ಮಾತ್ರ ಅನ್ವಯಿಸುವ, ಹೊರಸುಂಕವನ್ನು ಪ್ರತಿ ದೇಶಕ್ಕೂ ಬಿಟ್ಟುಕೊಡುವ ಮುಕ್ತ ವ್ಯಾಪಾರ ವಲಯವನ್ನು ಅದು ಪ್ರಸ್ತಾಪಿಸಿತು. 1957ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಆರಂಭವಾಗಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಮಾತುಕತೆ ನಡೆಸಿತು.

ಫ್ರಾನ್ಸ್ ಎತ್ತಿದ ಆಕ್ಷೇಪ ಸರಳವಾಗಿತ್ತು, ಗಟ್ಟಿಯಾಗಿಯೂ ಇತ್ತು. ಹೊರಸುಂಕ ದೇಶದಿಂದ ದೇಶಕ್ಕೆ ಬೇರೆಯಾದರೆ, ಹೊರಗಿನ ಸರಕು ಕಡಿಮೆ ಸುಂಕದ ದೇಶದ ಮೂಲಕ ಒಳಗೆ ಬಂದು ಹೆಚ್ಚು ಸುಂಕದ ದೇಶಕ್ಕೆ ಹರಿಯುತ್ತದೆ. ಕಚ್ಚಾ ವಸ್ತುವನ್ನು ಅಗ್ಗವಾಗಿ ತರಿಸುವ ಬ್ರಿಟನ್ನಿನ ಕಾರ್ಖಾನೆಗೆ, ಅದೇ ವಸ್ತುವಿಗೆ ಸುಂಕ ಕಟ್ಟುವ ಫ್ರೆಂಚ್ ಕಾರ್ಖಾನೆಯ ಮೇಲೆ ಅನ್ಯಾಯದ ಮೇಲುಗೈ ಸಿಗುತ್ತದೆ. ಕೃಷಿಯನ್ನು ಹೊರಗಿಟ್ಟದ್ದೂ ಫ್ರೆಂಚ್ ರೈತರ ಹಿತಕ್ಕೆ ವಿರುದ್ಧವಾಗಿತ್ತು. 1958ರ ನವೆಂಬರ್ 14ರಂದು ಫ್ರಾನ್ಸಿನ ಮಾಹಿತಿ ಸಚಿವ ಜಾಕ್ ಸುಸ್ತೆಲ್, ಬ್ರಿಟನ್ ಬಯಸಿದ ರೀತಿಯ ವಲಯ ಸಾಧ್ಯವಿಲ್ಲ ಎಂದು ಪತ್ರಕರ್ತರಿಗೆ ತಿಳಿಸುವುದರೊಂದಿಗೆ ಮಾತುಕತೆ ಮುರಿಯಿತು. ಬ್ರಿಟನ್, ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮತ್ತು ಪೋರ್ಚುಗಲ್ ಎಂಬ ಏಳು ದೇಶಗಳು 1960ರ ಜನವರಿ 4ರಂದು ಸ್ಟಾಕ್‌ಹೋಮ್ ಒಪ್ಪಂದಕ್ಕೆ ಸಹಿ ಹಾಕಿ ಇಎಫ್‌ಟಿಎ ಕಟ್ಟಿದವು. ಅದು ಮೇ 3ರಂದು ಜಾರಿಗೆ ಬಂತು.

ಈ ಪ್ರಶ್ನೆಯನ್ನು ಹತ್ತಿರದ ಕಾಲಕ್ಕೆ ಹಾಕಿ ನೋಡಿ. 2013ರಲ್ಲಿ ಐರೋಪ್ಯ ಒಕ್ಕೂಟದ ಮುಕ್ತ ವ್ಯಾಪಾರ ಒಪ್ಪಂದ ಮತ್ತು ರಷ್ಯಾ, ಬೆಲಾರಸ್, ಕಜಾಕಸ್ತಾನಗಳ ಸುಂಕ ಒಕ್ಕೂಟ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಉಕ್ರೇನ್‌ಗಾಗಲಿ ಅರ್ಮೇನಿಯಾಗಾಗಲಿ ಸಾಧ್ಯವಿರಲಿಲ್ಲ. ಎರಡು ಮುಕ್ತ ವ್ಯಾಪಾರ ಒಪ್ಪಂದಗಳು ಒಂದು ದೇಶದಲ್ಲಿ ಜೊತೆಯಾಗಿ ಬಾಳಬಲ್ಲವು, ಆದರೆ ಸುಂಕ ಒಕ್ಕೂಟ ಸೇರಿದ ದೇಶ ತನ್ನ ಸುಂಕವನ್ನು ತಾನೇ ನಿರ್ಧರಿಸುವ ಅಧಿಕಾರವನ್ನು ಬಿಟ್ಟುಕೊಟ್ಟಿರುತ್ತದೆ. ಅರ್ಮೇನಿಯಾ 2013ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಕಡೆಯ ಒಕ್ಕೂಟವನ್ನು ಆಯ್ದುಕೊಂಡಿತು. 2017ರಲ್ಲಿ ಅದು ಐರೋಪ್ಯ ಒಕ್ಕೂಟದೊಂದಿಗೆ ಬೇರೊಂದು ಒಪ್ಪಂದ ಮಾಡಿಕೊಂಡರೂ ಅದರಲ್ಲಿ ಸುಂಕ ತೆಗೆಯುವ ಭಾಗ ಇಲ್ಲ.

ಸುಂಕ ಒಕ್ಕೂಟ ಸೇರಿಯೂ ಅದರ ಸುಂಕದ ತೀರ್ಮಾನದಲ್ಲಿ ಮತವಿಲ್ಲದ ಸ್ಥಿತಿ ಟರ್ಕಿಯದು. ಐರೋಪ್ಯ ಒಕ್ಕೂಟ ಮತ್ತೊಂದು ದೇಶದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡರೆ, ಆ ದೇಶದ ಸರಕು ಒಕ್ಕೂಟದ ಮೂಲಕ ಟರ್ಕಿಗೆ ಸುಂಕವಿಲ್ಲದೆ ತಲುಪಬಲ್ಲದು. ಟರ್ಕಿಯ ಸರಕಿಗೆ ಆ ದೇಶದಲ್ಲಿ ಅದೇ ಸೌಲಭ್ಯ ಬೇಕಾದರೆ ಟರ್ಕಿ ಪ್ರತ್ಯೇಕವಾಗಿ ಮಾತುಕತೆ ನಡೆಸಬೇಕು. ದಕ್ಷಿಣ ಕೊರಿಯಾದೊಂದಿಗೆ ಒಕ್ಕೂಟದ ಒಪ್ಪಂದ 2011ರ ಜುಲೈನಲ್ಲಿ ಅನ್ವಯಕ್ಕೆ ಬಂತು, ಟರ್ಕಿಯದು 2013ರ ಮೇ ತಿಂಗಳಲ್ಲಿ. ನಿಮ್ಮ ಹಾಳೆಯಲ್ಲಿ ಈ ಹಂತದ ಉತ್ತರ ಬರೆಯುವಾಗ ಸುಂಕ ಯಾರದು ಎಂಬುದರ ಜೊತೆಗೆ ಮತ ಯಾರದು ಎಂಬುದನ್ನೂ ಬರೆಯಿರಿ.

3. ಸರಕಿನ ಹುಟ್ಟುಮೂಲದ ನಿಯಮಗಳನ್ನು ಓದಿ

ಎರಡನೇ ಹಂತದಲ್ಲಿ ಹೊರಸುಂಕ ಬೇರೆಬೇರೆ ಎಂಬ ಉತ್ತರ ಬಂದಿದ್ದರೆ ಈ ಹಂತವನ್ನು ಬಿಡುವಂತಿಲ್ಲ. ಸರಕು ನಿಜವಾಗಿ ಯಾವ ದೇಶದಲ್ಲಿ ತಯಾರಾಯಿತು ಎಂದು ನಿರ್ಧರಿಸುವ ನಿಯಮಗಳಿವು. ಫ್ರಾನ್ಸ್ 1958ರಲ್ಲಿ ಹೆದರಿದ್ದ ಹರಿವನ್ನು ತಡೆಯುವುದು ಇವುಗಳ ಕೆಲಸ. ಸ್ಟಾಕ್‌ಹೋಮ್ ಒಪ್ಪಂದ ಇದನ್ನು ಸಾಕಷ್ಟು ಸರಳವಾಗಿ ಬಿಡಿಸಿತು: ಹೊರಗಿನಿಂದ ತಂದ ವಸ್ತುಗಳ ಬೆಲೆ ಸರಕಿನ ರಫ್ತು ಬೆಲೆಯ ಅರ್ಧವನ್ನು ಮೀರಬಾರದು, ಇಲ್ಲವೇ ಪಟ್ಟಿಯಲ್ಲಿ ಹೆಸರಿಸಿದ ತಯಾರಿಕೆಯ ಕ್ರಿಯೆ ಒಳಗೇ ನಡೆದಿರಬೇಕು. ಇಂದಿನ ಒಪ್ಪಂದಗಳಲ್ಲಿ ಪ್ರತಿ ಬಗೆಯ ಸರಕಿಗೂ ಪ್ರತ್ಯೇಕ ನಿಯಮವಿದ್ದು, ಅನುಬಂಧ ನೂರಾರು ಸಾಲುಗಳಷ್ಟು ಬೆಳೆಯುತ್ತದೆ.

ಬ್ರಿಟಿಷ್ ವರ್ತಕರು ಸುಂಕ ಕಟ್ಟುವ ಕಾರಣ ಇಲ್ಲಿದೆ. ಚೀನಾದಿಂದ ಬ್ರಿಟನ್ನಿನ ಗೋದಾಮಿಗೆ ತರಿಸಿದ ಬಟ್ಟೆಯನ್ನು ಬೇರೆ ಪೆಟ್ಟಿಗೆಗೆ ಹಾಕಿ ಐರ್ಲೆಂಡಿಗೆ ಕಳಿಸಿದರೆ ಅದು ಬ್ರಿಟಿಷ್ ಸರಕಾಗುವುದಿಲ್ಲ, ಒಪ್ಪಂದದ ಶೂನ್ಯ ಸುಂಕ ಅದಕ್ಕೆ ಸಿಗುವುದಿಲ್ಲ. ವಿದ್ಯುತ್ ಕಾರುಗಳ ವಿಷಯದಲ್ಲಿ ಈ ನಿಯಮ ಎಷ್ಟು ಬಿಗಿಯೆನಿಸಿತೆಂದರೆ, ಬ್ಯಾಟರಿಗಳನ್ನು ಏಷ್ಯಾದಿಂದ ತರಿಸುತ್ತಿದ್ದ ಎರಡೂ ಕಡೆಯ ತಯಾರಕರ ಒತ್ತಾಯದ ಮೇಲೆ, 2023ರ ಕೊನೆಗೆ ಮುಗಿಯಬೇಕಿದ್ದ ಸಡಿಲಿಕೆಯನ್ನು 2026ರ ಕೊನೆಯವರೆಗೆ ವಿಸ್ತರಿಸಲಾಯಿತು.

ಎಚ್ಚರಿಕೆ: ಅನುಬಂಧದಲ್ಲಿ ಸಂಚಯನದ ನಿಯಮ ಇದೆಯೇ ಎಂದು ಹುಡುಕಿ. ಒಪ್ಪಂದದ ಪಾಲುದಾರ ದೇಶದಲ್ಲಿ ತಯಾರಾದ ಬಿಡಿಭಾಗವನ್ನು ನಮ್ಮದೇ ಎಂದು ಲೆಕ್ಕಕ್ಕೆ ಸೇರಿಸಿಕೊಳ್ಳಲು ಅನುಮತಿ ಕೊಡುವ ನಿಯಮವಿದು. ಯುರೋಪ್ ಮತ್ತು ಮೆಡಿಟರೇನಿಯನ್ ತೀರದ ಹಲವು ದೇಶಗಳು ಇದಕ್ಕಾಗಿಯೇ ಒಂದು ಸಾಮೂಹಿಕ ಒಡಂಬಡಿಕೆ ಮಾಡಿಕೊಂಡಿವೆ. ಯಾವ ದೇಶ ಅದರ ಒಳಗಿದೆ ಎಂಬುದನ್ನು ನೋಡದೆ ಯಾವುದೇ ಸರಕಿನ ಸುಂಕ ಲೆಕ್ಕ ಹಾಕಬೇಡಿ.

4. ಹೊರಗಿಟ್ಟದ್ದೇನು ಎಂದು ಪಟ್ಟಿ ಮಾಡಿ

ವಿಶ್ವ ವ್ಯಾಪಾರ ಸಂಘಟನೆಯ ನಿಯಮಾವಳಿಯ, ಅಂದರೆ ಗ್ಯಾಟ್ ಒಪ್ಪಂದದ, 24ನೇ ವಿಧಿಯ ಪ್ರಕಾರ ಇಂಥ ವಲಯವು ಸದಸ್ಯರ ನಡುವಣ ವ್ಯಾಪಾರದ ಬಹುಪಾಲನ್ನು ಒಳಗೊಳ್ಳಬೇಕು. ಬಹುಪಾಲು ಎಂದರೆ ಎಷ್ಟು ಎಂಬುದನ್ನು ಆ ವಿಧಿ ಅಂಕಿಯಲ್ಲಿ ಹೇಳುವುದಿಲ್ಲ, ಆದ್ದರಿಂದ ಕೃಷಿಗೂ ಮೀನಿಗೂ ಯುರೋಪಿನಲ್ಲಿ ಮೊದಲಿನಿಂದಲೂ ವಿನಾಯಿತಿಗಳಿವೆ.

ವಿನಾಯಿತಿಯೊಳಗೂ ಚೌಕಾಸಿ ನಡೆದಿರುತ್ತದೆ ಎಂಬುದನ್ನು ಗಮನಿಸಿ. ಇಎಫ್‌ಟಿಎ ಕೃಷಿಯನ್ನು ಹೊರಗಿಟ್ಟಾಗ, ರೈತರ ರಫ್ತನ್ನೇ ನಂಬಿದ್ದ ಡೆನ್ಮಾರ್ಕ್ ಒಳಗೆ ಬರಲು ಒಪ್ಪಿದ್ದು ಬ್ರಿಟನ್ ತನ್ನ ಮಾರುಕಟ್ಟೆಯಲ್ಲಿ ಡೆನ್ಮಾರ್ಕಿನ ಬೇಕನ್ ಮೇಲಿನ ಸುಂಕ ತೆಗೆಯಲು ಒಪ್ಪಿದ ಮೇಲೆ. ಸದಸ್ಯರಲ್ಲದ ನಾರ್ವೆಯಂಥ ದೇಶಗಳನ್ನು ಒಕ್ಕೂಟದ ಏಕ ಮಾರುಕಟ್ಟೆಯೊಳಗೆ ಸೇರಿಸುವ ಐರೋಪ್ಯ ಆರ್ಥಿಕ ವಲಯಕ್ಕೆ ಇಂದಿಗೂ ಒಕ್ಕೂಟದ ಸಾಮಾನ್ಯ ಕೃಷಿ ನೀತಿಯಾಗಲಿ ಮೀನುಗಾರಿಕೆ ನೀತಿಯಾಗಲಿ ಅನ್ವಯಿಸುವುದಿಲ್ಲ. 1972 ಮತ್ತು 1994ರ ಜನಮತಗಣನೆಗಳಲ್ಲಿ ನಾರ್ವೆಯ ಜನ ಸದಸ್ಯತ್ವವನ್ನು ತಿರಸ್ಕರಿಸಲು ರೈತರ ಮತ್ತು ಮೀನುಗಾರರ ವಿರೋಧ ದೊಡ್ಡ ಕಾರಣವಾಗಿತ್ತು. 2020ರಲ್ಲಿ ಬ್ರಿಟನ್ನಿನ ಮಾತುಕತೆ ಕ್ರಿಸ್‌ಮಸ್ ಹಿಂದಿನ ದಿನದವರೆಗೆ ಎಳೆದದ್ದೂ ಬಹುಪಾಲು ಮೀನಿನ ಮೇಲೆಯೇ. ರಾಷ್ಟ್ರೀಯ ಆದಾಯದಲ್ಲಿ ಮೀನುಗಾರಿಕೆಯ ಪಾಲು ಸಣ್ಣದು ಎಂದು ಅದನ್ನು ಬದಿಗಿಡುವ ಓದುಗರು ಕರಾವಳಿ ಊರುಗಳ ಬದುಕನ್ನೂ ಅವುಗಳ ರಾಜಕೀಯ ಬಲವನ್ನೂ ಕಾಣದೆ ಹೋಗುತ್ತಾರೆ.

5. ಸುಂಕ ಇಳಿಸುವ ಕಾಲಪಟ್ಟಿಯನ್ನು ನೋಡಿ

ಇದು ಸುಲಭದ ಹಂತ. ಯಾವ ಸರಕಿಗೆ ಎಷ್ಟು ವರ್ಷಗಳಲ್ಲಿ ಸುಂಕ ಹೋಗುತ್ತದೆ ಎಂಬುದು ಅನುಬಂಧದ ಕೋಷ್ಟಕದಲ್ಲಿರುತ್ತದೆ, ಸಾಮಾನ್ಯವಾಗಿ ಅವಧಿ 10 ವರ್ಷವನ್ನು ಮೀರುವುದಿಲ್ಲ. ಎರಡೂ ಕಡೆಯ ವೇಗ ಒಂದೇ ಇರಬೇಕೆಂದಿಲ್ಲ: ಉಕ್ರೇನ್ ಒಪ್ಪಂದದಲ್ಲಿ ಐರೋಪ್ಯ ಒಕ್ಕೂಟ ತನ್ನ ಬಹುತೇಕ ಸುಂಕವನ್ನು ಬೇಗ ತೆಗೆದರೆ, ಉಕ್ರೇನ್‌ಗೆ ಕಾರಿನಂಥ ಸರಕಿಗೆ ದೀರ್ಘ ಅವಧಿ ಕೊಡಲಾಯಿತು. ಪಟ್ಟಿಗಿಂತ ಮುಂಚೆಯೇ ಕೆಲಸ ಮುಗಿಯುವುದೂ ಉಂಟು. ಇಎಫ್‌ಟಿಎ ದೇಶಗಳು ತಮ್ಮೊಳಗಿನ ಕೈಗಾರಿಕಾ ಸುಂಕವನ್ನು ನಿಗದಿಗಿಂತ ಮೂರು ವರ್ಷ ಮೊದಲೇ, 1966ರ ಕೊನೆಗೆ ತೆಗೆದವು. ಆರು ದೇಶಗಳ ಸುಂಕ ಒಕ್ಕೂಟ 1968ರ ಜುಲೈ 1ಕ್ಕೆ ಪೂರ್ಣವಾಯಿತು.

6. ತಕರಾರು ಬಂದರೆ ತೀರ್ಪು ಯಾರದು

ಸರಳ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಪಂಚಾಯ್ತಿ ಮಂಡಳಿ ಸಾಕು. ಏಕ ಮಾರುಕಟ್ಟೆಗೆ ಹತ್ತಿರ ಹೋದಷ್ಟೂ ಕಾನೂನು ಒಂದೇ ಆಗುವುದರಿಂದ, ಅದರ ಅರ್ಥ ಹೇಳುವ ನ್ಯಾಯಾಲಯ ಯಾವುದು ಎಂಬ ಪ್ರಶ್ನೆ ತಪ್ಪಿದ್ದಲ್ಲ.

ಐರೋಪ್ಯ ಆರ್ಥಿಕ ವಲಯದ ಮಾತುಕತೆ 1991ರ ಅಕ್ಟೋಬರ್‌ನಲ್ಲಿ ಮುಗಿದಾಗ, ಎರಡೂ ಕಡೆಯ ನ್ಯಾಯಾಧೀಶರಿರುವ ಜಂಟಿ ನ್ಯಾಯಾಲಯವೊಂದನ್ನು ಯೋಜಿಸಲಾಗಿತ್ತು. ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ನ್ಯಾಯಾಲಯ ಡಿಸೆಂಬರ್ 14ರಂದು ತನ್ನ ಅಭಿಪ್ರಾಯ ಕೊಟ್ಟು, ಅಂಥ ನ್ಯಾಯಾಲಯ ಸಮುದಾಯದ ಕಾನೂನಿನ ಸ್ವಾಯತ್ತತೆಗೆ ಧಕ್ಕೆ ತರುತ್ತದೆ ಎಂದಿತು. ಸಿದ್ಧವಾಗಿದ್ದ ಪಠ್ಯವನ್ನು ಮತ್ತೆ ಬಿಚ್ಚಿ, ಇಎಫ್‌ಟಿಎ ದೇಶಗಳಿಗೆ ಪ್ರತ್ಯೇಕ ನ್ಯಾಯಾಲಯವನ್ನು ಕೊಟ್ಟು, 1992ರ ಮೇ 2ರಂದು ಪೋರ್ಚುಗಲ್‌ನ ಪೋರ್ಟೊದಲ್ಲಿ ಸಹಿ ಮಾಡಲಾಯಿತು. ಆ ವಲಯ ಸೇರಿದ ದೇಶಗಳು ಏಕ ಮಾರುಕಟ್ಟೆಯ ಹೊಸ ಕಾನೂನುಗಳನ್ನು ಒಂದೊಂದಾಗಿ ತಮ್ಮ ಒಪ್ಪಂದಕ್ಕೆ ಸೇರಿಸಿಕೊಳ್ಳುತ್ತಾ ಹೋಗುತ್ತವೆ, ಆದರೆ ಆ ಕಾನೂನುಗಳನ್ನು ಅಂಗೀಕರಿಸುವ ಸಭೆಗಳಲ್ಲಿ ಅವುಗಳಿಗೆ ಮತವಿಲ್ಲ. ಪ್ರಜಾಪ್ರಭುತ್ವದ ದೃಷ್ಟಿಯಿಂದ ಇದು ಚಿಕ್ಕ ಬೆಲೆಯಲ್ಲ ಎಂದೇ ನಾನು ಭಾವಿಸುತ್ತೇನೆ. ನಾರ್ವೆ ಅದನ್ನು ತಿಳಿದೂ ತೆರುತ್ತಿದೆ.

ಸ್ವಿಟ್ಜರ್ಲೆಂಡ್ ತೆರಲು ಒಪ್ಪಲಿಲ್ಲ. 1992ರ ಡಿಸೆಂಬರ್ 6ರಂದು ಅಲ್ಲಿ ಮತ ಹಾಕಿದವರಲ್ಲಿ ಶೇಕಡಾ 50.3ರಷ್ಟು ಜನ ಆ ವಲಯವನ್ನು ನಿರಾಕರಿಸಿದರು. ಹಾಗಾಗಿ ಸ್ವಿಸ್ ಸರಕಾರ ವಿಷಯವಾರು ಮಾತುಕತೆ ನಡೆಸಿ, 1999ರಲ್ಲಿ ಏಳು ಒಪ್ಪಂದಗಳ ಒಂದು ಕಂತೆಗೆ ಸಹಿ ಹಾಕಿತು. ಅವುಗಳಲ್ಲಿ ಒಂದನ್ನು ರದ್ದು ಮಾಡಿದರೆ ಏಳೂ ರದ್ದಾಗುವ ಷರತ್ತು ಅದರಲ್ಲಿದೆ. ಆದ್ದರಿಂದ ಸ್ವಿಸ್ ಒಪ್ಪಂದಗಳನ್ನು ಬಿಡಿಬಿಡಿಯಾಗಿ ಓದಿ, ಬೇಡವಾದದ್ದನ್ನು ಮಾತ್ರ ಕೈಬಿಡಬಹುದೆಂದು ತೀರ್ಮಾನಿಸಬೇಡಿ.

7. ಸಹಿ, ತಾತ್ಕಾಲಿಕ ಅನ್ವಯ, ಜಾರಿ: ಮೂರನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ

ಐರೋಪ್ಯ ಒಕ್ಕೂಟದ ಪರವಾಗಿ ಮಾತುಕತೆ ನಡೆಸುವುದು ಐರೋಪ್ಯ ಆಯೋಗ. ಅದಕ್ಕೆ ಅಧಿಕಾರ ಕೊಡುವುದು ಸದಸ್ಯ ದೇಶಗಳ ಸಚಿವರ ಮಂಡಳಿ. ಸಹಯೋಗ ಒಪ್ಪಂದವಾದರೆ ಮಂಡಳಿಯಲ್ಲಿ ಸರ್ವಾನುಮತ ಬೇಕು, ಐರೋಪ್ಯ ಸಂಸತ್ತಿನ ಒಪ್ಪಿಗೆಯೂ ಬೇಕು. ಒಪ್ಪಂದದ ಕೆಲವು ಭಾಗ ಸದಸ್ಯ ದೇಶಗಳ ಅಧಿಕಾರಕ್ಕೆ ಸೇರಿದ್ದರೆ ಅದನ್ನು ಮಿಶ್ರ ಒಪ್ಪಂದವೆಂದು ಪರಿಗಣಿಸಲಾಗುತ್ತದೆ, ಆಗ ಪ್ರತಿ ದೇಶವೂ ತನ್ನ ಸಂವಿಧಾನದ ಪ್ರಕಾರ ಅನುಮೋದಿಸಬೇಕು. ಈ ಅನುಮೋದನೆಗೆ ವರ್ಷಗಳು ಹಿಡಿಯುವುದರಿಂದ, ವ್ಯಾಪಾರದ ಭಾಗವನ್ನು ಮೊದಲೇ ತಾತ್ಕಾಲಿಕವಾಗಿ ಅನ್ವಯಿಸುವ ರೂಢಿ ಬೆಳೆದಿದೆ.

ಉಕ್ರೇನ್‌ನ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. 2013ರ ನವೆಂಬರ್ 21ರಂದು ಅಧ್ಯಕ್ಷ ಯಾನುಕೋವಿಚ್ ಅವರ ಸರಕಾರ ಸಹಿಯ ಸಿದ್ಧತೆಯನ್ನು ನಿಲ್ಲಿಸಿದ್ದು ಕೀವ್‌ನ ಚಳವಳಿಗೂ ಸರಕಾರದ ಪತನಕ್ಕೂ ಕಾರಣವಾಯಿತು. ಒಪ್ಪಂದದ ರಾಜಕೀಯ ಭಾಗಕ್ಕೆ 2014ರ ಮಾರ್ಚ್ 21ರಂದು, ಉಳಿದ ಭಾಗಕ್ಕೆ ಜೂನ್ 27ರಂದು ಸಹಿಯಾಯಿತು. ವ್ಯಾಪಾರದ ಭಾಗ 2016ರ ಜನವರಿ 1ರಿಂದ ತಾತ್ಕಾಲಿಕವಾಗಿ ಅನ್ವಯವಾಯಿತು. ಅದೇ ವರ್ಷ ಏಪ್ರಿಲ್ 6ರಂದು ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಜನಮತಗಣನೆಯಲ್ಲಿ, ಸುಮಾರು ಮೂರನೇ ಒಂದು ಭಾಗ ಮತದಾರರಷ್ಟೇ ಬಂದು, ಅವರಲ್ಲಿ ಹೆಚ್ಚಿನವರು ವಿರೋಧಿಸಿದರು. ಒಪ್ಪಂದ ಸದಸ್ಯತ್ವದ ಭರವಸೆಯಲ್ಲ ಎಂಬ ಸ್ಪಷ್ಟೀಕರಣವನ್ನು ಒಕ್ಕೂಟದ ನಾಯಕರು ಕೊಟ್ಟ ಮೇಲೆ, ಪೂರ್ಣ ಜಾರಿಯಾದದ್ದು 2017ರ ಸೆಪ್ಟೆಂಬರ್ 1ರಂದು. ಒಂದೇ ಒಪ್ಪಂದಕ್ಕೆ 2014, 2016, 2017 ಎಂಬ ಮೂರು ವರ್ಷಗಳನ್ನು ಬೇರೆಬೇರೆ ಕಡೆ ಓದಿ ಗೊಂದಲಗೊಳ್ಳುವ ವಿದ್ಯಾರ್ಥಿಗಳು ಬಹಳ. ಮೂರೂ ಸರಿ; ಯಾವುದರ ವರ್ಷ ಎಂದು ಬರೆದಿಟ್ಟುಕೊಳ್ಳಬೇಕು.

8. ಜಂಟಿ ಮಂಡಳಿಯ ತೀರ್ಮಾನಗಳನ್ನು ಹಿಂಬಾಲಿಸಿ

ಮೂಲ ಪಠ್ಯವನ್ನು ಓದಿ ಮುಗಿಸಿದವರು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತಾರೆ. ಸಹಯೋಗ ಒಪ್ಪಂದ ಎರಡೂ ಕಡೆಯ ಪ್ರತಿನಿಧಿಗಳಿರುವ ಒಂದು ಮಂಡಳಿಯನ್ನು ಸ್ಥಾಪಿಸುತ್ತದೆ, ಆ ಮಂಡಳಿಯ ತೀರ್ಮಾನಗಳು ಎರಡೂ ಕಡೆಯವರನ್ನು ಕಟ್ಟಿಹಾಕುತ್ತವೆ. ಟರ್ಕಿಯ ಅಂಕಾರಾ ಒಪ್ಪಂದಕ್ಕೆ ಸಹಿಯಾದದ್ದು 1963ರ ಸೆಪ್ಟೆಂಬರ್ 12ರಂದು. ಅದನ್ನು ಮಾತ್ರ ಓದಿದರೆ ಸುಂಕ ಒಕ್ಕೂಟ ಮುಂದೆಂದೋ ಬರುವ ಗುರಿಯಾಗಿಯೇ ಕಾಣುತ್ತದೆ. ಆ ಒಕ್ಕೂಟವನ್ನು ನಿಜಗೊಳಿಸಿದ್ದು ಸಹಯೋಗ ಮಂಡಳಿ 1995ರ ಡಿಸೆಂಬರ್ 22ರಂದು ಕೈಗೊಂಡ ತೀರ್ಮಾನ. ಕೈಗಾರಿಕಾ ಸರಕಿಗೂ ಸಂಸ್ಕರಿಸಿದ ಕೃಷಿ ಸರಕಿನ ಕೈಗಾರಿಕಾ ಭಾಗಕ್ಕೂ ಅದು ಅನ್ವಯಿಸುತ್ತದೆ, ಹೊಲದಿಂದ ನೇರವಾಗಿ ಬರುವ ಬೆಳೆಗೆ ಅನ್ವಯಿಸುವುದಿಲ್ಲ. ವಿದ್ಯುತ್ ಕಾರುಗಳ ನಿಯಮವನ್ನು 2026ರವರೆಗೆ ಮುಂದೂಡಿದ್ದೂ ಬ್ರಿಟನ್ ಮತ್ತು ಒಕ್ಕೂಟದ ನಡುವಿನ ಇಂಥದೇ ಮಂಡಳಿಯ ಮೂಲಕ. ಆದ್ದರಿಂದ ನಿಮ್ಮ ಹಾಳೆಯ ಕೊನೆಯ ಸಾಲಿನಲ್ಲಿ ಆ ಮಂಡಳಿಯ ಹೆಸರನ್ನೂ ಅದರ ಇತ್ತೀಚಿನ ತೀರ್ಮಾನದ ಸಂಖ್ಯೆ ಮತ್ತು ದಿನಾಂಕವನ್ನೂ ಬರೆದು, ಒಪ್ಪಂದದ ಬಗ್ಗೆ ಬರೆಯುವ ಅಥವಾ ಅದರಡಿ ಸರಕು ಕಳಿಸುವ ಮುನ್ನ ಪ್ರತಿ ಸಲವೂ ಆ ಸಾಲನ್ನು ಹೊಸದಾಗಿ ಪರಿಶೀಲಿಸಿ.